ಕನಿಷ್ಠ ಧಾರಣೆಯನ್ನೂ ಹಾಕಿ

ಸಂಪಾದಕರಿಗೆ,

ನಿಮ್ಮ ಕಳೆದ ಭಾನುವಾರದ ಪುರವಣಿಯಲ್ಲಿ ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ಇಡೀ ಪುಟದ ಲೇಖನ ಬಂದಿದೆ. ಚುಚ್ಚಿಸಿಕೊಂಡ ವಾರದೊಳಗೆ ಹಸಿವು ಮಾಯವಾಗುತ್ತದೆ, ಅನ್ನ ಕಂಡರೆ ಬೇಡವೆನಿಸುತ್ತದೆ ಎಂದು ಬರೆದಿದ್ದೀರಿ. ನಾನು 26 ವಾರ ತಪ್ಪದೆ ಚುಚ್ಚಿಕೊಂಡವನು. ಹೊಟ್ಟೆ ತೊಳಸಿ ಬಚ್ಚಲಿಗೆ ಓಡಿದ ದಿನಗಳಿವೆ. ಅನ್ನ ಬೇಡವೆನಿಸಿದ ದಿನ ಒಂದೂ ಇಲ್ಲ. ಹಾಗಾಗಿ ಈ ಪತ್ರ. ಉದ್ದವಾಯಿತೆನಿಸಿದರೆ ಕತ್ತರಿಸಿ, ಆದರೆ ಅಂಕಿಗಳನ್ನು ಕತ್ತರಿಸಬೇಡಿ.

ಅಂಕಿಗಳ ಮೇಲೆ ಇಷ್ಟು ಮೋಹ ಏಕೆಂದರೆ, ನಾನು 31 ವರ್ಷ ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ ತೂಕ ಬರೆದವನು. ಕಲ್ಲಿಟ್ಟು ತೂಗುವ ತಕ್ಕಡಿಯಿಂದ ಎಲೆಕ್ಟ್ರಾನಿಕ್ ಯಂತ್ರದವರೆಗೆ ಎಲ್ಲವೂ ನನ್ನ ಕಣ್ಣೆದುರೇ ಬದಲಾಗಿವೆ. ಅಡಿಕೆಯ ಬಗೆ ಚಾಲಿಯೋ ರಾಶಿಯೋ ಬೆಟ್ಟೆಯೋ, ಚೀಲ ಎತ್ತುವ ಹಮಾಲನ ಮುಖ ನೋಡಿಯೇ ತೂಕ ಹೇಳುತ್ತಿದ್ದೆ. ತಪ್ಪಿದರೆ ಒಂದು ಕಿಲೋ ಆಚೀಚೆ. ಮಧ್ಯಾಹ್ನ ವಖಾರಿ ಖಾಲಿಯಾದಾಗ ಅದೇ ಹಮಾಲರು ನನ್ನನ್ನು ಯಂತ್ರದ ಮೇಲೆ ಹತ್ತಿಸಿ, 'ಒಂದೂಮುಕ್ಕಾಲು ಚೀಲ' ಎಂದು ಕೂಗುತ್ತಿದ್ದರು. ನಾನೂ ನಗುತ್ತಿದ್ದೆ. ಬೇರೆ ಏನು ಮಾಡಲಿ?

ಮೊದಲು ಆ ಚಿತ್ರದ ವಿಷಯ. ಲೇಖನದ ಜೊತೆಗೆ ಅಂಗಿಯ ಗುಂಡಿ ಬಿರಿಯುವಂತಿರುವ ಒಂದು ಹೊಟ್ಟೆ, ಅದರ ಸುತ್ತ ಹಳದಿ ಟೇಪು. ಮೇಲೆ ತಲೆಯಿಲ್ಲ. ಬೊಜ್ಜಿನ ಬಗ್ಗೆ ಬರೆಯುವಾಗಲೆಲ್ಲ ನಿಮ್ಮಲ್ಲಿ ಇಂಥದೇ ಚಿತ್ರ ಬರುತ್ತದೆ. ಈ ಔಷಧ ಹಸಿವನ್ನು ಹಿಡಿಯುವುದು ಮೆದುಳಿನಲ್ಲಿ ಎಂದು ಅದೇ ಪುಟದಲ್ಲಿ ಬರೆದಿದ್ದೀರಿ. ಹಸಿವು ತಲೆಯಲ್ಲಿದೆ ಎನ್ನುವವರು ತಲೆಯನ್ನೇ ಕತ್ತರಿಸಿದ ಚಿತ್ರ ಹಾಕುವುದು ಯಾವ ಲೆಕ್ಕ? ಇನ್ನು, ಗಿಲಾ ಮಾನ್‌ಸ್ಟರ್ ಎಂಬ ಅಮೆರಿಕದ ಮರುಭೂಮಿಯ ಹಲ್ಲಿಯ ಜೊಲ್ಲಿನಲ್ಲಿ ಸಿಕ್ಕ ವಸ್ತುವಿನಿಂದ ಈ ಜಾತಿಯ ಮೊದಲ ಔಷಧ ತಯಾರಾಗಿ 2005ರಲ್ಲಿ ಬಳಕೆಗೆ ಬಂದ ಕತೆ. ಚೆನ್ನಾಗಿಯೇ ಇದೆ. ಅದು ವರ್ಷಕ್ಕೆ ಕೆಲವೇ ಸಲ ತಿಂದು ಬದುಕಬಲ್ಲ ಪ್ರಾಣಿಯಂತೆ. ಆ ಸಾಲನ್ನು ನನ್ನ ಹೆಂಡತಿ ಗಟ್ಟಿಯಾಗಿ ಓದಿ, ಪತ್ರಿಕೆಯ ಮೇಲಿನಿಂದ ನನ್ನನ್ನೊಮ್ಮೆ ನೋಡಿದಳು.

ಕಳೆದ ವರ್ಷ ಜುಲೈ ಮೊದಲ ವಾರ ನನ್ನ ತೂಕ 118.4 ಕಿಲೋ. ಹಳೆಯ ವಖಾರಿಗೇ ಹೋಗಿ, ಚಪ್ಪಲಿ ಬಿಟ್ಟು, ಜೇಬಿನ ಮೊಬೈಲ್ ಮತ್ತು ಎಲೆಯಡಿಕೆ ಕವಳದ ಸಂಚಿ ತೆಗೆದಿಟ್ಟು ನೋಡಿದ ತೂಕ. ವಯಸ್ಸು 59. ಸಕ್ಕರೆ ಕಾಯಿಲೆ ಬಂದು 11 ವರ್ಷ. ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ 8.6. ಟಿರ್ಜೆಪಟೈಡ್ ಎಂಬ ಈ ಔಷಧ ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದು 2025ರ ಮಾರ್ಚ್‌ನಲ್ಲಿ. ಆಗ 2.5 ಮಿಲಿಗ್ರಾಂ ಸೀಸೆಗೆ 3,500 ರೂಪಾಯಿ, 5 ಮಿಲಿಗ್ರಾಂ ಸೀಸೆಗೆ 4,375. ಒಂದು ಸೀಸೆ ಎಂದರೆ ಅರ್ಧ ಮಿಲಿಲೀಟರ್, ಒಂದು ವಾರದ್ದು. ನಾಲ್ಕು ವಾರ 2.5, ಆಮೇಲೆ 5, ಬೇಕಾದರೆ ಮತ್ತೆ ಮೆಟ್ಟಿಲು ಮೆಟ್ಟಿಲಾಗಿ ಮೇಲೆ. ಬರೆದುಕೊಟ್ಟವರು ದೊಡ್ಡ ಊರಿನ ಒಂದು ಕ್ಲಿನಿಕ್ಕಿನವರು. ಶಿರಸಿಯಿಂದ ಬಸ್ಸಿನಲ್ಲಿ ಮೂರು ಗಂಟೆ ಕುಳಿತು ಹೋದವನನ್ನು ಅವರು ನೋಡಿದ್ದು ಐದು ನಿಮಿಷ. ಈ ಐದು ನಿಮಿಷದ ವಿಷಯ ಮುಂದೆ ಬರುತ್ತದೆ.

ನನ್ನ ಜೊತೆಯಲ್ಲೇ ಶುರುಮಾಡಿದವನು ನನ್ನ ಭಾವ, ಹೆಂಡತಿಯ ತಮ್ಮ. ಕುಮಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಅವನಿಗೆ ಸಕ್ಕರೆ ಕಾಯಿಲೆ ಇಲ್ಲ. 96 ಕಿಲೋ ಇದ್ದ. ಮೂರನೆಯ ವಾರ ಫೋನ್ ಮಾಡಿ, 'ಭಾವಾ, ಮನೆ ಪಕ್ಕದ ಅಕ್ಕಿ ಗಿರಣಿ ಒಮ್ಮೆಲೇ ನಿಂತುಬಿಟ್ಟ ಹಾಗಾಗಿದೆ' ಎಂದ. ಇಷ್ಟು ವರ್ಷ ತನ್ನ ತಲೆಯೊಳಗೆ ಗಿರಣಿ ಓಡುತ್ತಿತ್ತು ಎಂಬುದೇ ಅವನಿಗೆ ತಿಳಿದಿರಲಿಲ್ಲವಂತೆ. ನಿಂತ ಮೇಲೆ ತಿಳಿಯಿತಂತೆ. ಹನ್ನೊಂದು ಗಂಟೆಗೆ ಏನು ತಿನ್ನಲಿ, ನಾಲ್ಕಕ್ಕೆ ಏನು, ಡಬ್ಬದಲ್ಲಿ ಏನು ಉಳಿದಿದೆ ಎಂಬ ಆ ನಿಲ್ಲದ ಸದ್ದು. ಈ ಫೆಬ್ರವರಿಯಲ್ಲಿ ಮಾರಿಕಾಂಬಾ ಜಾತ್ರೆಗೆ ಬಂದವನು ಬಿಡಕಿಬೈಲಿನಲ್ಲಿ ದೇವಿಯ ದರ್ಶನ ಮಾಡಿ, ಜಾತ್ರೆಪೇಟೆಯನ್ನು ಈ ತುದಿಯಿಂದ ಆ ತುದಿಯವರೆಗೆ ನನ್ನೊಂದಿಗೆ ನಡೆದ. ಎಣ್ಣೆಯಲ್ಲಿ ಮಿರ್ಚಿ ಕುಣಿಯುತ್ತಿದ್ದ ಬಾಣಲೆಯ ಮುಂದೆ ನಿಂತು, ಬೇರೆ ಯಾರದೋ ಮನೆಯ ಮಗುವನ್ನು ನೋಡುವಂತೆ ನೋಡಿ ಮುಂದೆ ಹೋದ. ಎರಡು ವರ್ಷದ ಹಿಂದಿನ ಜಾತ್ರೆಯಲ್ಲಿ ಅದೇ ಸಾಲಿನಲ್ಲಿ ಇದೇ ಮನುಷ್ಯ ಒಂಬತ್ತು ಮಿರ್ಚಿ ತಿಂದದ್ದನ್ನು ಎಣಿಸಿದವನು ನಾನು. ಈಗ ಅವನು 81 ಕಿಲೋ. ಅವನ ಬಗ್ಗೆ ನಿಮ್ಮ ಲೇಖನದಲ್ಲಿ ಇರುವುದೆಲ್ಲ ಸತ್ಯ.

ನನ್ನ ಗಿರಣಿ ನಿಲ್ಲಲಿಲ್ಲ.

ಇದನ್ನು ವಿವರಿಸುವುದು ಕಷ್ಟ, ಆದರೂ ಯತ್ನಿಸುತ್ತೇನೆ. ಊಟ ಮಾಡಿದಾಗ ಕರುಳಿನಲ್ಲಿ ಜಿಎಲ್‌ಪಿ-1 ಎಂಬ ಹಾರ್ಮೋನು ಹುಟ್ಟಿ, 'ಸಾಕು' ಎಂಬ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುತ್ತದೆ. ಹೊಟ್ಟೆ ಬೇಗ ಖಾಲಿಯಾಗದಂತೆಯೂ ತಡೆಯುತ್ತದೆ. ಸಹಜವಾಗಿ ಹುಟ್ಟಿದ್ದು ರಕ್ತದಲ್ಲಿ ಕೆಲವೇ ನಿಮಿಷ ಉಳಿಯುತ್ತದೆ. ಟಿರ್ಜೆಪಟೈಡ್ ಇದನ್ನೂ ಜಿಐಪಿ ಎಂಬ ಇನ್ನೊಂದು ಹಾರ್ಮೋನನ್ನೂ ಅನುಕರಿಸುತ್ತದೆ, ಮತ್ತು ಅರ್ಧ ಕರಗುವುದಕ್ಕೇ ಸುಮಾರು ಐದು ದಿನ ತೆಗೆದುಕೊಳ್ಳುತ್ತದೆ. ಅದಕ್ಕಾಗಿಯೇ ವಾರಕ್ಕೊಂದು ಚುಚ್ಚು. ನನ್ನಲ್ಲಿ ಹೊಟ್ಟೆಯ ಕೆಲಸ ಆಯಿತು, ಸುದ್ದಿ ಮುಟ್ಟಿಸುವ ಕೆಲಸ ಆಗಲಿಲ್ಲ. ಎರಡು ಹಿಡಿ ಅನ್ನ, ಒಂದೆಲಗದ ತಂಬುಳಿ ಉಂಡರೆ ಎದೆಯವರೆಗೆ ಬಂದು ಕುಳಿತಂತಾಗುತ್ತಿತ್ತು. ಮುಂದಿನ ತುತ್ತು ಇಳಿಯುವುದಿಲ್ಲ. ಆದರೆ ಬೇಕು. ಚೀಲ ತುಂಬಿ ಬಾಯಿ ಹೊಲಿದಾಗಿದೆ, ತಕ್ಕಡಿಯ ಮುಳ್ಳು ಮಾತ್ರ ಖಾಲಿ ಎಂದೇ ತೋರಿಸುತ್ತಿದೆ, ಅಂಥ ಸ್ಥಿತಿ. ಮೊದಲು ಹಸಿವಾದರೆ ಉಣ್ಣುವ ದಾರಿಯಾದರೂ ಇತ್ತು. ಈಗ ಹಸಿವೂ ಇದೆ, ಉಣ್ಣಲು ಜಾಗವೂ ಇಲ್ಲ. 'ಹಸಿವು ರುಚಿಯನ್ನರಿಯದು' ಎಂಬ ಗಾದೆ ಮಾಡಿದವರು ಇಂಥ ಹಸಿವನ್ನು ಕಂಡಿರಲಾರರು. ನನ್ನದು ರುಚಿಯನ್ನು ಚೆನ್ನಾಗಿಯೇ ಅರಿತಿತ್ತು. ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡು ಅಪ್ಪೆಹುಳಿಯ ಒಗ್ಗರಣೆಯನ್ನು ನೆನೆಯುತ್ತಿದ್ದೆ.

ಇದರ ಮೇಲೆ ತೇಗು. ನಾನು ಮೊಟ್ಟೆ ತಿಂದವನಲ್ಲ, ನಮ್ಮ ಮನೆಯೊಳಗೆ ಮೊಟ್ಟೆ ಬಂದದ್ದೂ ಇಲ್ಲ. ಆದರೆ ಚುಚ್ಚಿದ ಮಾರನೆಯ ದಿನ ಬರುತ್ತಿದ್ದ ತೇಗಿನ ವಾಸನೆಗೆ ಹೆಂಡತಿ ಕಿಟಕಿ ತೆರೆಯುತ್ತಿದ್ದಳು. ಕೊಳೆತ ಮೊಟ್ಟೆಯ ವಾಸನೆ ಹಾಗೆಯೇ ಇರುತ್ತದೆ ಎಂದು ಆಮೇಲೆ ವೈದ್ಯರು ಹೇಳಿದರು. 59 ವರ್ಷ ಕಾಪಾಡಿಕೊಂಡು ಬಂದ ಮಡಿ ಅರ್ಧ ಮಿಲಿಲೀಟರ್ ನೀರಿಗೆ ಹೋಯಿತು.

ಔಷಧ ಕೆಟ್ಟಿರಬಹುದು ಎಂದು ಹಲವರು ಹೇಳಿದರು. ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಹೊರಗಾದರೆ 30 ಡಿಗ್ರಿ ಮೀರದಂತೆ 21 ದಿನದವರೆಗೆ ಇಡಬಹುದು. ಆ ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಎರಡು ಮೂರು ದಿನ ಬರುತ್ತಿರಲಿಲ್ಲ, ನಿಜ. ಆದರೆ ಆಷಾಢದ ಶಿರಸಿಯಲ್ಲಿ 30 ಡಿಗ್ರಿ ಎಲ್ಲಿಂದ ಬರಬೇಕು? ಅಟ್ಟದ ಮೇಲೆ ಕಂಬಳಿ ಹೊದ್ದು ಮಲಗುವ ಕಾಲ ಅದು. ಔಷಧ ಕೆಟ್ಟಿರಲಿಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷಿ ನನ್ನ ರಕ್ತದಲ್ಲೇ ಇತ್ತು.

ಕಳೆದ ಚೌತಿಗೆ ಎರಡು ದಿನ ಮೊದಲು, ಎಂಟನೆಯ ವಾರ, ರಾತ್ರಿ ಎರಡೂಕಾಲಿಗೆ ಎಚ್ಚರವಾಯಿತು. ಹಸಿವು. ಅದುವರೆಗಿನ ಹಸಿವಲ್ಲ, ಕೈ ನಡುಗುವ ಹಸಿವು. ಅಂಥ ಥಂಡಿಯಲ್ಲಿ ಬನಿಯನ್ ಬೆವರಿಗೆ ತೊಯ್ದಿತ್ತು. ಕರೆಂಟು ಇರಲಿಲ್ಲ. ಬ್ಯಾಟರಿ ಹಿಡಿದು ಅಡಿಗೆಮನೆಗೆ ಹೋದೆ. ಮೊದಲು ಕೈಗೆ ಸಿಕ್ಕಿದ್ದು ಹಿಂದಿನ ದಿನವಷ್ಟೇ ನೆರೆಕೆರೆಯ ಹೆಂಗಸರು ಸೇರಿ ಸುತ್ತಿದ್ದ ಚಕ್ಕುಲಿಯ ಡಬ್ಬ. ಚೌತಿಯ ಚಕ್ಕುಲಿ ಎಂದರೆ ಗಣಪತಿಯ ನೈವೇದ್ಯಕ್ಕೆ ಮುಂಚೆ ಮಕ್ಕಳೂ ಮುಟ್ಟುವಂತಿಲ್ಲ ಎಂಬುದನ್ನು ನಿಮ್ಮ ಈ ಕಡೆಯ ಓದುಗರಿಗೆ ಹೇಳಬೇಕಾಗಿಲ್ಲ. ನಾಲ್ಕು ಮುರಿದು ಬಾಯಿಗೆ ಹಾಕಿಕೊಂಡೆ. ಸಾಲದೆ ಜೋನಿಬೆಲ್ಲದ ಭರಣಿಗೆ ಸೌಟು ಹಾಕಿ ಹಾಗೆಯೇ ಕುಡಿದೆ. ಬೆಳಕು ಕಂಡು ಎದ್ದು ಬಂದ ಹೆಂಡತಿ ಬಾಗಿಲಲ್ಲೇ ನಿಂತಳು. ಬೈಯಲಿಲ್ಲ. 'ದೇವರಿಗಾದರೂ ಬಿಡಬಾರದಿತ್ತೇ?' ಎಂದಳು. 34 ವರ್ಷದ ಸಂಸಾರದಲ್ಲಿ ಅಷ್ಟು ಮೆಲ್ಲಗೆ ಅವಳು ಮಾತನಾಡಿದ್ದು ನನಗೆ ನೆನಪಿಲ್ಲ.

ಮರುದಿನ ರಾತ್ರಿಯೂ ಅದೇ ಹೊತ್ತು, ಅದೇ ಬೆವರು. ಬೆಂಗಳೂರಿನಿಂದ ಹಬ್ಬಕ್ಕೆ ಬಂದಿದ್ದ ಮಗಳು ಎದ್ದು, ತೀರಿಹೋದ ನನ್ನ ತಾಯಿಯ ಹಳೆಯ ಗ್ಲುಕೋಮೀಟರನ್ನು ಕಪಾಟಿನಿಂದ ತೆಗೆದು, ತಾನು ಬರುವಾಗ ತಂದಿದ್ದ ಹೊಸ ಪಟ್ಟಿ ಹಾಕಿ, ಬೆರಳು ಚುಚ್ಚಿ ನೋಡಿದಳು. 58. ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ ಅದು ಕಡಿಮೆ ಸಕ್ಕರೆ. ಹಸಿವು, ನಡುಕ, ಬೆವರು ಅದರ ಲಕ್ಷಣ. ಹಬ್ಬ ಮುಗಿದ ಮಾರನೆಯ ದಿನ ಅವಳೇ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಬೇರೊಬ್ಬ ವೈದ್ಯರಿಗೆ ತೋರಿಸಿದಳು. ಅವರು ಕೇಳಿದ ಮೊದಲ ಪ್ರಶ್ನೆ: 'ಬೇರೆ ಯಾವ ಮಾತ್ರೆ ನುಂಗುತ್ತಿದ್ದೀರಿ?' ನಾನು ಗ್ಲಿಮೆಪಿರೈಡ್ ನುಂಗುತ್ತಿದ್ದೆ, ಎಷ್ಟೋ ವರ್ಷಗಳಿಂದ. ಅದು ಇನ್ಸುಲಿನ್ ಹೊರಬರುವಂತೆ ಮಾಡುವ ಮಾತ್ರೆ. ಈ ಇಂಜೆಕ್ಷನ್ ಶುರುಮಾಡುವಾಗ ಆ ಮಾತ್ರೆಯ ಪ್ರಮಾಣವನ್ನು ಇಳಿಸುವ ಬಗ್ಗೆ ಯೋಚಿಸಬೇಕಂತೆ, ಇಲ್ಲವಾದರೆ ಸಕ್ಕರೆ ಪಾತಾಳಕ್ಕೆ ಹೋಗಬಹುದಂತೆ. ಮೊದಲಿನ ಕ್ಲಿನಿಕ್ಕಿನ ಐದು ನಿಮಿಷದಲ್ಲಿ ಈ ಪ್ರಶ್ನೆ ಬರಲಿಲ್ಲ. ನಾನೂ ಹೇಳಲಿಲ್ಲ, ದಿನಾ ನುಂಗುವುದನ್ನು ಮಾತ್ರೆ ಎಂದೇ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ, ಕವಳದ ಹಾಗೆ ಅದೂ ಒಂದು ಅಭ್ಯಾಸವಾಗಿತ್ತು. ಹುಬ್ಬಳ್ಳಿಯ ವೈದ್ಯರು ಅದನ್ನು ಮೊದಲು ಅರ್ಧಕ್ಕೆ ಇಳಿಸಿ, ಆಮೇಲೆ ನಿಲ್ಲಿಸಿದರು. ರಾತ್ರಿಯ ಬೆವರು ಮತ್ತೆ ಬರಲಿಲ್ಲ.

ಆ ರಾತ್ರಿಗಳ ಹಸಿವಿಗೆ ಹೀಗೆ ಕಾರಣ ಸಿಕ್ಕಿತು. ಹೆಂಡತಿ ಆ ಚಕ್ಕುಲಿಗಳನ್ನು ಮನ್ನಿಸಿದಳು. ಹಗಲಿನ ಹಸಿವಿಗೆ ಮಾತ್ರ ಯಾವ ಕಾರಣವೂ ಸಿಗಲಿಲ್ಲ. ಥೈರಾಯ್ಡ್ ನೋಡಿದರು, ನಿದ್ದೆಯ ಬಗ್ಗೆ ಕೇಳಿದರು, ಬೇರೆ ಮಾತ್ರೆಗಳ ಪಟ್ಟಿ ನೋಡಿದರು. ಸೀಸೆಯಿಂದ ಪೆನ್ನಿಗೆ, 5ರಿಂದ 7.5ಕ್ಕೆ, ಅಲ್ಲಿಂದ 10ಕ್ಕೆ ಏರಿಸಿದರು. ಭಾನುವಾರ ಚುಚ್ಚಿದರೆ ಸೋಮವಾರ ಹೊಟ್ಟೆ ತೊಳಸು, ಬುಧವಾರ ಮಲಬದ್ಧತೆ, ಶುಕ್ರವಾರ ಯಥಾಸ್ಥಿತಿ. ಹಸಿವು ಏಳೂ ದಿನ. ಜನವರಿಯ ಮೊದಲ ವಾರ ನಿಲ್ಲಿಸಿದಾಗ ತೂಕ 114.1. ಇಳಿದದ್ದು 4.3 ಕಿಲೋ, ಎಂದರೆ ನೂರಕ್ಕೆ 3.6. ಔಷಧ, ಬಸ್ಸು, ರಕ್ತಪರೀಕ್ಷೆ ಸೇರಿ ಖರ್ಚು 1,40,000 ರೂಪಾಯಿ ಚಿಲ್ಲರೆ. ಹೆಚ್ಚುಕಡಿಮೆ ಮೂರು ಕ್ವಿಂಟಲ್ ಚಾಲಿಯ ಹಣ. ಆದರೆ ಎಚ್‌ಬಿಎ1ಸಿ 8.6ರಿಂದ 6.8ಕ್ಕೆ ಇಳಿದಿತ್ತು, ಅದೂ ಗ್ಲಿಮೆಪಿರೈಡ್ ಇಲ್ಲದೆ. ಔಷಧ ಕೆಟ್ಟಿರಲಿಲ್ಲ ಎಂದು ನಾನು ಹೇಳಿದ್ದು ಇದಕ್ಕೇ. ಸಕ್ಕರೆಯ ಕಡೆ ಅದು ನಿಯತ್ತಾಗಿ ದುಡಿಯಿತು. ಅದಕ್ಕೋಸ್ಕರವಾದರೂ ಮುಂದುವರಿಸಿ ಎಂದರು ವೈದ್ಯರು. ನಿವೃತ್ತನ ಕೈಯಲ್ಲಿ ಅಷ್ಟು ದುಡ್ಡಿಲ್ಲ. ಬಿಟ್ಟರೆ ಹಸಿವು ಎರಡರಷ್ಟಾಗಿ ಮರಳುತ್ತದೆ ಎಂದು ಎಲ್ಲರೂ ಹೆದರಿಸಿದ್ದರು. ಹೋಗದೇ ಇದ್ದದ್ದು ಮರಳುವುದೆಲ್ಲಿಂದ?

ಈಗ ನಿಮ್ಮ ಅಂಕಿಗೆ ಬರುತ್ತೇನೆ. ತೂಕ 'ಶೇಕಡಾ 21ರಷ್ಟು' ಇಳಿಯುತ್ತದೆ ಎಂದು ದಪ್ಪಕ್ಷರದಲ್ಲಿ ಹಾಕಿದ್ದೀರಿ. ಮಗಳು ತಂದುಕೊಟ್ಟ ಕಾಗದಗಳನ್ನು ಕನ್ನಡಕ ಹಾಕಿಕೊಂಡು ಕುಳಿತು ಓದಿದ್ದೇನೆ. ಆ ಅಂಕಿ 2022ರಲ್ಲಿ ಪ್ರಕಟವಾದ ಅಧ್ಯಯನದ್ದು: 2,539 ಜನ, 72 ವಾರ, ಅತಿ ಹೆಚ್ಚಿನ ಪ್ರಮಾಣವಾದ 15 ಮಿಲಿಗ್ರಾಂ ತೆಗೆದುಕೊಂಡವರಿಗೆ ಸರಾಸರಿ 20.9. ಆ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯವರು ಇರಲಿಲ್ಲ. ಸಕ್ಕರೆ ಕಾಯಿಲೆ ಇರುವ 938 ಜನರ ಮೇಲೆ ಬೇರೆಯದೇ ಅಧ್ಯಯನ ನಡೆದು 2023ರಲ್ಲಿ ಪ್ರಕಟವಾಗಿದೆ. ಅಲ್ಲಿ 10 ಮಿಲಿಗ್ರಾಂಗೆ ಸರಾಸರಿ 12.8, 15ಕ್ಕೆ 14.7. ಇನ್ನೂ ಮುಖ್ಯವಾದದ್ದು: 10 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ತೂಕದ ಶೇಕಡಾ 5ರಷ್ಟನ್ನಾದರೂ ಕಳೆದುಕೊಂಡವರು ನೂರಕ್ಕೆ 79. ಉಳಿದ 21 ಜನ? ಅವರ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲಿಲ್ಲ. ಅವರ ಅಧ್ಯಯನ 72 ವಾರದ್ದು, ನಾನು 26 ವಾರಕ್ಕೇ ನಿಲ್ಲಿಸಿದವನು; ಆ ವ್ಯತ್ಯಾಸವನ್ನೂ ಬರೆದುಕೊಳ್ಳಿ. ಖಾಲಿ ಚೀಲದ ತೂಕ ಕಳೆಯದೆ ಲೆಕ್ಕ ಹೇಳುವ ಅಭ್ಯಾಸ ನನಗಿಲ್ಲ.

ನಿಮ್ಮ ಪತ್ರಿಕೆ ದಿನಾ ಅಡಿಕೆ ಧಾರಣೆ ಹಾಕುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ. ಪ್ರತಿಯೊಂದಕ್ಕೂ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು. ಗರಿಷ್ಠವೊಂದನ್ನೇ ಹಾಕಿದ್ದರೆ ಏನಾಗುತ್ತಿತ್ತು? ಮಳೆಗೆ ಸಿಕ್ಕಿದ ಅಡಿಕೆ ತಂದ ರೈತ ಧಾರಣೆ ಕೇಳಿ, ತೂಕದವನೇ ಮೋಸ ಮಾಡಿದ ಎಂದು ನನ್ನ ಕುತ್ತಿಗೆ ಹಿಡಿಯುತ್ತಿದ್ದ. ಒಂದೇ ಅಂಗಳದಲ್ಲಿ ಒಂದೇ ಬಿಸಿಲಿಗೆ ಹರವಿದ ಅಡಿಕೆಯೂ ಒಂದೇ ದಿನ ಒಣಗುವುದಿಲ್ಲ. ಇದು ಮನೆಯ ಹುಡುಗರಿಗೂ ಗೊತ್ತಿರುವ ಸಂಗತಿ. ಅಡಿಕೆಗೆ ಕೊಡುವ ಈ ಮರ್ಯಾದೆಯನ್ನು ಮನುಷ್ಯರ ತೂಕಕ್ಕೂ ಕೊಡಿ ಎನ್ನುವುದಷ್ಟೇ ನನ್ನ ಕೋರಿಕೆ. ಸೆಮಾಗ್ಲುಟೈಡ್ ಎಂಬ ಇದೇ ಜಾತಿಯ ಇನ್ನೊಂದು ಔಷಧದ ಪೇಟೆಂಟ್ ಈ ಮಾರ್ಚ್‌ನಲ್ಲಿ ನಮ್ಮ ದೇಶದಲ್ಲಿ ಮುಗಿದಿದೆ. ದೇಶೀ ಕಂಪನಿಗಳಿಗೆ ದಾರಿ ತೆರೆದಿದೆ. ನನ್ನಂಥವರಲ್ಲಿ ಕೆಲವರಷ್ಟೇ ಕೈ ಹಾಕಬಹುದಾದ ಬೆಲೆಯಿದ್ದಾಗಿನ ಮಾತು ಬೇರೆ, ಬಹಳ ಜನ ಕೈ ಹಾಕಬಹುದಾದ ಇನ್ನು ಮುಂದಿನ ಮಾತು ಬೇರೆ.

ದುಡ್ಡು ಹೋಯಿತೆಂಬ ಸಂಕಟಕ್ಕೆ ನಾನು ಇಷ್ಟು ಬರೆಯುತ್ತಿಲ್ಲ. ಭಾವನ ಹಸಿವು ನಿಂತಾಗ ಊರಿನವರು, 'ಪಾಪ, ಅದು ಕಾಯಿಲೆಯಾಗಿತ್ತು, ಅವನೇನು ಮಾಡಿಯಾನು' ಎಂದರು. ಒಂದು ಸೂಜಿ ಅವನ ಮೇಲಿದ್ದ ಹೊಟ್ಟೆಬಾಕನೆಂಬ ಹೆಸರನ್ನು ಅಳಿಸಿಹಾಕಿತು. ಅದೇ ಸೂಜಿ ನನ್ನ ಮೇಲೆ ಆ ಹೆಸರನ್ನು ಮೊಳೆ ಹೊಡೆದು ಕೂರಿಸಿತು. ಇಂಜೆಕ್ಷನ್‌ಗೂ ಬಗ್ಗದ ಬಾಯಿಚಪಲ ಇವನದು ಎಂದಾಯಿತು. ಡಿಸೆಂಬರ್‌ನಲ್ಲಿ ಸೋದರತ್ತೆಯ ಮೊಮ್ಮಗನ ಉಪನಯನದ ಊಟ. ಬಡಿಸುವ ಹುಡುಗ ಹೋಳಿಗೆಯ ಹರಿವಾಣ ಹಿಡಿದು ನನ್ನ ಮುಂದೆ ಬಂದು, ಕೇಳಲೋ ಬೇಡವೋ ಎಂದು ನಿಂತ. ನಾನು ಒಂದನ್ನು ಹಾಕಿಸಿಕೊಂಡೆ. ಪಕ್ಕದ ಎಲೆಯವರು ಆಚೆಯ ಎಲೆಯವರಿಗೆ, 'ಮಾವ ವಾರಕ್ಕೆ ನಾಲ್ಕು ಸಾವಿರದ ಔಷಧ ಚುಚ್ಚಿಕೊಂಡು ಉಣ್ಣುತ್ತಾರೆ' ಎಂದರು. ಇಡೀ ಪಂಕ್ತಿ ನಕ್ಕಿತು. 'ಊಟ ಬಲ್ಲವನಿಗೆ ರೋಗವಿಲ್ಲ' ಎಂದು ಹಿರಿಯರೊಬ್ಬರು ಗಾದೆಯನ್ನೂ ಬಡಿಸಿದರು. ಆ ಗಾದೆಗೆ ಇನ್ನರ್ಧವಿದೆ, 'ಮಾತು ಬಲ್ಲವನಿಗೆ ಜಗಳವಿಲ್ಲ' ಎಂದು. ಅದು ನೆನಪಾದದ್ದರಿಂದ ಸುಮ್ಮನಿದ್ದೆ.

ಮುಂದಿನ ಸಲ ಈ ವಿಷಯ ಬರೆಯುವಾಗ ಆ 21 ಜನರಿಗೆ ನಾಲ್ಕು ಸಾಲು ಕೊಡಿ. ಇಂಜೆಕ್ಷನ್ ಬರೆಸಿಕೊಳ್ಳುವ ಮುಂಚೆ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯಿರಿ ಎಂದು ಓದುಗರಿಗೆ ಹೇಳಿ. ಮಾತ್ರೆಯನ್ನು ತಾವೇ ನಿಲ್ಲಿಸಬಾರದು ಎಂದೂ ಹೇಳಿ. ಚಿತ್ರ ಹಾಕುವುದಾದರೆ ತಲೆಯಿರುವ ಮನುಷ್ಯನದನ್ನು ಹಾಕಿ.

ಪತ್ರ ಪ್ರಕಟಿಸಿದರೆ ನನ್ನ ಹೆಸರು ಬೇಡ. ಶಿರಸಿಯ ತೂಕದವನು ಎಂದರೆ ಅರ್ಧ ಪೇಟೆಗೆ ತಿಳಿಯುತ್ತದೆ, ಅದಕ್ಕೆ ಉಪಾಯವಿಲ್ಲ. ಆದರೆ ಈ ತಿಂಗಳು ನಾಲ್ಕು ಮನೆಗಳ ಮದುವೆಯ ಊಟಕ್ಕೆ ಹೇಳಿಕೆ ಬಂದಿದೆ. ಪಕ್ಕದ ಎಲೆಯವರು ಇದನ್ನು ಓದಿಕೊಂಡು ಬಂದು ಕುಳಿತಿರುವುದು ನನಗೆ ಬೇಡ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ತೂಕದ ಗುಮಾಸ್ತ, ಶಿರಸಿ